ಕತ್ತೆ ಕಾಯುವವನೂ ತಿಪ್ಪೆಯ ಮಗಳೂ

ನನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರೊಳಗೆ ತಿಪ್ಪೆ ಇದೆ ಎಂದಷ್ಟೇ ಹೇಳಿದರೆ ನಮ್ಮ ಬಾಗಲಕೋಟೆ ಕಡೆಯವರಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ. ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಮಕ್ಕಳು ಉಳಿಯಲಿಲ್ಲ. ನಾನು ಹುಟ್ಟಿದಾಗ ಓಣಿಯ ಮುದುಕಿಯರು ನನ್ನನ್ನು ಮೊರದಲ್ಲಿಟ್ಟು ಹಿತ್ತಲಿನ ತಿಪ್ಪೆಯ ಮೇಲೆ ಮಲಗಿಸಿದರು. ಎದುರುಮನೆಯಾಕೆ ಏನೂ ಗೊತ್ತಿಲ್ಲದವಳ ಹಾಗೆ ಆ ಕಡೆ ಬಂದು, “ಅಯ್ಯ, ತಿಪ್ಪ್ಯಾಗ ಕೂಸು ಬಿದ್ದೈತಲ್ಲವಾ” ಎಂದು ಎತ್ತಿಕೊಂಡು, ಒಂದು ಮುಷ್ಟಿ ತೌಡಿಗೆ ನನ್ನನ್ನು ನನ್ನ ಅವ್ವನಿಗೇ ಮಾರಿದಳು. ಯಾರೋ ಎಸೆದು ಹೋದ ಕೂಸು, ಇದನ್ನು ಒಯ್ದು ಏನು ಮಾಡುವುದು ಎಂದು ಸಾವು ಮುಂದಿನ ಮನೆಗೆ ಹೋಗಲಿ ಎಂಬ ಉಪಾಯ. ಅದು ಸಾಲದು ಎಂದು ಹೆಸರಿನಲ್ಲೂ ತಿಪ್ಪೆಯನ್ನು ಸೇರಿಸಿದರು. ಸಾವು ಇಷ್ಟು ಸುಲಭವಾಗಿ ಮೋಸ ಹೋಗುತ್ತದೆಯೇ ಎಂದು ನಗಬಹುದು. ಆದರೆ ನಾನು ಬದುಕಿ ಕೂತಿದ್ದೇನಲ್ಲ, ಯಾರ ಜೊತೆ ವಾದ ಮಾಡಲಿ?

ಈ ಹೆಸರನ್ನು ಹೊತ್ತುಕೊಂಡೇ ನಾನು ಬಿ.ಎಡ್. ಮಾಡಿದೆ, ಮದುವೆಯಾದೆ, ಗಂಡನ ಹಿಂದೆ ಕತಾರಿಗೆ ಬಂದೆ. ಅವರು ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಆಪರೇಟರ್. ನಾನು ದೋಹಾದ ಒಂದು ಇಂಡಿಯನ್ ಸ್ಕೂಲಿನಲ್ಲಿ ಸೋಷಿಯಲ್ ಟೀಚರ್. ಮುಐದರ್‌ನಲ್ಲಿ ಒಂದು ವಿಲ್ಲಾವನ್ನು ಗೋಡೆ ಹಾಕಿ ಒಡೆದು ಮಾಡಿದ ಭಾಗವೊಂದರಲ್ಲಿ ನಮ್ಮ ಸಂಸಾರ. ಹೆಲ್ತ್ ಕಾರ್ಡಿನ ಕೌಂಟರಿನಲ್ಲಿ ಕೂತವರು ನನ್ನ ಹೆಸರನ್ನು ಓದಲು ಹೋಗಿ ನಾಲಿಗೆ ತೊಡರಿ, ಕೊನೆಗೆ ಗಂಡನ ಹೆಸರು ಹಿಡಿದು ಕರೆಯುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಮಲಯಾಳಿ ಟೀಚರೊಬ್ಬರು ಒಮ್ಮೆ ಅರ್ಥ ಕೇಳಿದಾಗ “ಸಂಪತ್ತು” ಎಂದೆ. ಪೂರ್ತಿ ಸುಳ್ಳೇನಲ್ಲ, ಹೊಲ ಇದ್ದವರನ್ನು ಕೇಳಿ ನೋಡಿ. ಆದರೂ ನಾನೊಂದು ತೀರ್ಮಾನ ಮಾಡಿಯಾಗಿತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟುವ ಕೂಸಿಗೆ ತಿಪ್ಪೆಯ ಧೂಳು ಕೂಡ ತಾಗಬಾರದು. ನಕ್ಷತ್ರದ ಅರ್ಥ ಬರುವ ಹೆಸರೊಂದನ್ನು ಆರಿಸಿ ಇಟ್ಟುಕೊಂಡಿದ್ದೆ. ಇಂಗ್ಲಿಷ್ ಬಾಯಲ್ಲೂ ಅರಬ್ಬಿ ಬಾಯಲ್ಲೂ ಸಲೀಸಾಗಿ ಹೊರಳುವಂಥದ್ದು.

ಎರಡು ಸಲ ಆ ಹೆಸರು ಕೆಲಸಕ್ಕೆ ಬಾರದೆ ಹೋಯಿತು. ಎರಡೂ ಬಸಿರು ನಿಲ್ಲಲಿಲ್ಲ. ಮೂರನೆಯ ಸಲ ಹೊಟ್ಟೆಯಲ್ಲಿದ್ದಾಗ ನಾನು ಸ್ಕೂಲಿನಲ್ಲಿ ಯಾರಿಗೂ ಹೇಳಲಿಲ್ಲ. ಸಡಿಲ ಕುರ್ತಾ ಹಾಕಿಕೊಂಡು, ಮೆಟ್ಟಿಲನ್ನು ನಿಧಾನ ಹತ್ತುತ್ತ, ಕೇಳಿದವರಿಗೆ ಅಸಿಡಿಟಿ ಎಂದು ಹೇಳುತ್ತ ದಿನ ತಳ್ಳುತ್ತಿದ್ದೆ. ಒಬ್ಬ ರಾಜಕುಮಾರ ನನಗೆ ಸಿಕ್ಕಿದ್ದು ಆ ದಿನಗಳಲ್ಲಿ.

ನಮ್ಮ ಏಳನೆಯ ಕ್ಲಾಸಿನ ಮಕ್ಕಳನ್ನು ಸಮುದ್ರದ ದಂಡೆಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆವು. ಹೊರಗೆ ಬಿಸಿಲು, ಒಳಗೆ ಸ್ವೆಟರ್ ಬೇಕೆನಿಸುವ ಎಸಿ. ಮಕ್ಕಳಿಗೆ ಕತ್ತಿ, ಶಿರಸ್ತ್ರಾಣ ಬಿಟ್ಟು ಬೇರೇನೂ ಬೇಕಿರಲಿಲ್ಲ. ಒಂದು ಗಾಜಿನ ಪೆಟ್ಟಿಗೆಯ ಮುಂದೆ ಅಲ್ಲಿನ ಗೈಡ್ ನಮ್ಮನ್ನು ನಿಲ್ಲಿಸಿದಳು. ಇರಾನಿನ ಹೆಂಗಸು, ನನ್ನ ವಯಸ್ಸಿನವಳೇ. ಒಳಗಿದ್ದದ್ದು ಒಂದೇ ಒಂದು ಪುಟ. ನಮ್ಮ ಊಟದ ಟೇಬಲ್ಲಿನ ಅರ್ಧದಷ್ಟಿದ್ದ ಆ ಕಾಗದದ ಮೇಲೆ ಬಂಗಾರದ ಅಕ್ಷರಗಳು. ಓದಲು ನನಗೆ ಬಾರದು, ಆದರೆ ಕಣ್ಣು ತೆಗೆಯಲೂ ಆಗಲಿಲ್ಲ. ಯಾರೋ ಉಸಿರು ಬಿಗಿಹಿಡಿದು ಒಂದೊಂದೇ ಅಕ್ಷರ ಇಳಿಸಿದ್ದಾರೆ ಎಂದು ಗೊತ್ತಾಗುತ್ತಿತ್ತು.

ಇದು ಒಬ್ಬ ಮಂಗೋಲ್ ರಾಜನ ಕಾಲದ್ದು ಎಂದಳು ಆಕೆ. ಅವನ ಮುತ್ತಜ್ಜ ಬಾಗ್ದಾದನ್ನು ಸುಟ್ಟು ಹಾಳುಗೆಡವಿದವನು. ಮರಿಮಗ ಬಂಗಾರದಲ್ಲಿ ಪುಸ್ತಕ ಬರೆಸಿದವನು. ಈ ಮರಿಮಗ ಹುಟ್ಟಿದ್ದು ಅರಮನೆಯಲ್ಲಿ ಅಲ್ಲ, ಮರುಭೂಮಿಯ ನಡುವೆ, ಪ್ರಯಾಣದ ದಾರಿಯಲ್ಲಿ. ಕೈಯಲ್ಲಿದ್ದ ನೀರು ಮುಗಿಯುತ್ತ ಬಂದಿತ್ತು. ನಿಂತರೆ ಎಲ್ಲರೂ ಬಾಯಾರಿ ಸಾಯಬೇಕು, ಮುಂದೆ ಹೊರಟರೆ ಹೆರಿಗೆ ನೋವಿನ ಹೆಂಗಸು ಸಾಯಬೇಕು. ಅಂಥ ಹೊತ್ತಿನಲ್ಲಿ ಮಗು ಹುಟ್ಟಿತು, ಮಳೆ ಸುರಿಯಿತು. ಮರಳುಗಾಡಿನಲ್ಲಿ ಮಳೆ. ಜನ ಪಾತ್ರೆ ಪಡಗ ಹಿಡಿದು ಓಡಾಡಿರಬೇಕು. ಶುಭ ತಂದ ಮಗು ಎಂದು ಅದಕ್ಕೆ ಮಂಗಳದ ಹೆಸರಿಟ್ಟರು.

“ಆದರೆ ಆ ಹೆಸರು ಉಳಿಯಲಿಲ್ಲ,” ಎಂದು ಆಕೆ ಮಕ್ಕಳ ಕಡೆ ಬಗ್ಗಿದಳು. “ಇಷ್ಟು ಒಳ್ಳೆಯ ಮಗುವಿಗೆ ಕೆಟ್ಟ ಕಣ್ಣು ಬಿದ್ದರೆ? ಅದಕ್ಕೆ ಹೆಸರು ಬದಲಾಯಿಸಿದರು. ಆಮೇಲೆ ಮತ್ತೊಮ್ಮೆ ಬದಲಾಯಿಸಿ, ಎಂಥದ್ದು ಇಟ್ಟರು ಗೊತ್ತಾ? ಕತ್ತೆ ಕಾಯುವವ!”

ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನವನೊಬ್ಬ ಕತ್ತೆಯ ಹಾಗೆ ಅರಚಿಯೂ ಬಿಟ್ಟ. ಬೇರೆ ದಿನವಾಗಿದ್ದರೆ ಅವನ ಕಿವಿ ನನ್ನ ಕೈಯಲ್ಲಿರುತ್ತಿತ್ತು. ಅವತ್ತು ನಾನು ಅವನ ಕಡೆ ತಿರುಗಲೂ ಇಲ್ಲ. ನಮ್ಮ ಓಣಿಯ ಮುದುಕಿಯರು ಮಂಗೋಲರ ಡೇರೆಯೊಳಗೆ ಯಾವಾಗ ಹೋಗಿದ್ದರು? ಅಥವಾ ಆ ಡೇರೆಯ ಮುದುಕಿಯರು ಕುದುರೆ ಏರಿ ನಮ್ಮ ಘಟಪ್ರಭೆಯ ದಂಡೆಗೆ ಬಂದು ಹೇಳಿಕೊಟ್ಟು ಹೋದರೇ? ಅರ್ಧ ಜಗತ್ತನ್ನು ಆಳಿದ ಮನೆತನ, ಲಕ್ಷ ಕುದುರೆ ಇದ್ದ ಮನೆತನ, ತೊಟ್ಟಿಲಲ್ಲಿದ್ದ ಕೂಸನ್ನು ಕಾಪಾಡಲು ಅವರ ಕೈಯಲ್ಲೂ ಇದ್ದದ್ದು ಒಂದು ಹೊಲಸು ಹೆಸರು ಮಾತ್ರ. ನಾನು ನಾಚಿಕೆಯಿಂದ ಮುಚ್ಚಿಟ್ಟುಕೊಂಡು ತಿರುಗಿದ ಹೆಸರಿಗೆ ರಾಜಮನೆತನದ ನೆಂಟಸ್ತಿಕೆ ಇದೆ ಎಂದು ಮೊದಲ ಸಲ ತಿಳಿದದ್ದು ಅಲ್ಲಿ, ಆ ಗಾಜಿನ ಮುಂದೆ.

ಆಮೇಲೆ ನಾನು ಆ ಕತ್ತೆ ಕಾಯುವವನ ಬೆನ್ನು ಬಿಡಲಿಲ್ಲ. ಲೈಬ್ರರಿಯಿಂದ ದಪ್ಪನೆಯ ಇತಿಹಾಸದ ಪುಸ್ತಕಗಳನ್ನು ತಂದೆ. ಗಂಡ ಡ್ಯೂಟಿಗೆ ಹೋದ ದಿನಗಳಲ್ಲಿ ಎಡಮಗ್ಗುಲಿಗೆ ಮಲಗಿ ಓದುತ್ತಿದ್ದೆ, ಡಾಕ್ಟರ್ ಹಾಗೆಯೇ ಮಲಗಬೇಕೆಂದು ಹೇಳಿದ್ದರು. ಆ ಹುಡುಗ ಬೇಸಿಗೆಯಲ್ಲಿ ತಂಪಿನ ಬೆಟ್ಟಕ್ಕೆ, ಚಳಿಗಾಲದಲ್ಲಿ ಬೆಚ್ಚಗಿನ ಬಯಲಿಗೆ ಡೇರೆಯ ಹಿಂದೆ ಡೇರೆ ಸಾಗುವ ಊರಿನಲ್ಲಿ ಬೆಳೆದ. ಚಿಕ್ಕವನಿದ್ದಾಗ ಅವನಿಗೆ ಕ್ರೈಸ್ತ ಜ್ಞಾನಸ್ನಾನ ಮಾಡಿಸಿದ್ದರಂತೆ. ಮುಂದೆ ಬುದ್ಧನ ದಾರಿ, ಆಮೇಲೆ ಇಸ್ಲಾಂ. ಒಂದೊಂದು ಸಲವೂ ಒಂದೊಂದು ಹೆಸರು. ನಾನು ಪಾಸ್‌ಪೋರ್ಟಿನಲ್ಲಿ ಒಂದು ಅಕ್ಷರ ತಿದ್ದಿಸಲು ಪಟ್ಟ ಪಾಡನ್ನು ನೆನೆದು ನಗು ಬರುತ್ತಿತ್ತು. ಅಣ್ಣ ರಾಜನಾದಾಗ ಇವನು ಪೂರ್ವದ ಗಡಿ ಕಾಯಲು ಹೋದ. ಅಣ್ಣ ಸತ್ತ ಮೇಲೆ, ಇನ್ನೂ ಇಪ್ಪತ್ತರ ಹರೆಯದಲ್ಲೇ ಸಿಂಹಾಸನ ಇವನಿಗೆ ಬಂತು. ಆಗ ಕತ್ತೆಯ ಹೆಸರನ್ನು ಕಳಚಿಟ್ಟು ಭಾಗ್ಯವಂತನೆಂಬ ಹೆಸರು, ದೇವರ ಸೇವಕನೆಂಬ ಹೆಸರು ತೊಟ್ಟ. ಹುಲ್ಲುಗಾವಲಿನಲ್ಲಿ ಒಂದು ಹೊಸ ಊರನ್ನೇ ಎಬ್ಬಿಸಿ, ನೀಲಿ ಹೆಂಚಿನ ಗುಮ್ಮಟ ಕಟ್ಟಿಸಿದ. ಅದರ ಫೋಟೋ ನೋಡಿ ನಾನು ಪುಸ್ತಕವನ್ನು ಎದೆಗವಚಿಕೊಂಡು ಮಲಗಿದ್ದೆ. ವಿಜಯಪುರದ ಗೋಲಗುಮ್ಮಟದ ಕೆಳಗೆ ಸ್ಕೂಲ್ ಟ್ರಿಪ್ಪಿನಲ್ಲಿ ನಿಂತು ಬಾಯಿ ತೆರೆದವಳು ನಾನು. ಅದಕ್ಕಿಂತ ಮುನ್ನೂರು ವರ್ಷ ಮೊದಲು ಇದನ್ನು ಕಟ್ಟಿಸಿದ್ದಾನೆ, ಅದೂ ಡೇರೆಯಲ್ಲಿ ಬೆಳೆದವನು!

“ನಿನ್ನ ಕತ್ತೆ ರಾಜಾ ಇವತ್ತ ಎಲ್ಲೀತನ ಬಂದ?” ಎಂದು ಗಂಡ ಡ್ಯೂಟಿಯಿಂದ ಬಂದು ಶೂ ಬಿಚ್ಚುವಾಗಲೇ ಕೇಳುತ್ತಿದ್ದರು.

“ಗುಮ್ಮಟ ಕಟ್ಟಾಕತ್ತಾನ್ರಿ. ಲೇಬರ್ ಭಾಳ ಬೇಕಂತ, ಹೋಗ್ತೀರೇನು?”

“ಊಟ, ಟಿಕೆಟ್ ಕೊಡತಾನೇನು ಕೇಳು,” ಎಂದು ಅವರು ಕೈತೊಳೆಯಲು ಹೋಗುತ್ತಿದ್ದರು. ಒಳಗಿನ ಭಯವನ್ನು ನಾವಿಬ್ಬರೂ ಹೀಗೆ ನಗುವಿನಲ್ಲಿ ಮುಚ್ಚಿಡುತ್ತಿದ್ದೆವು.

ಏಳು ತಿಂಗಳು ತುಂಬುವ ಮೊದಲೇ, ಆಗಸ್ಟಿನ ಕುದಿಯುವ ಒಂದು ಮಧ್ಯಾಹ್ನ, ಮಗಳು ಹುಟ್ಟಿದಳು. ಹೆರಿಗೆಯಾದ ಮೇಲೆ ನಾನು ಮಾಡಿದ ಮೊದಲ ಹುಚ್ಚು ಕೆಲಸ ಕಿಟಕಿಯ ಕಡೆ ನೋಡಿದ್ದು. ಮಳೆ ಬರಲಿಲ್ಲ. ಸಮುದ್ರದ ಹಬೆಗೆ ಗಾಜು ಬೆವರಿತ್ತು, ಎದುರಿನ ಗೋಡೆಯ ಎಸಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅಷ್ಟೇ. ಕೂಸನ್ನು ನನ್ನ ಎದೆಗೂ ಕೊಡದೆ ಒಯ್ದರು. ನಾನು ಅವಳನ್ನು ಸರಿಯಾಗಿ ನೋಡಿದ್ದು ಮರುದಿನ, ಗಾಜಿನ ಪೆಟ್ಟಿಗೆಯೊಳಗೆ. ಮತ್ತೆ ಗಾಜು. ನನ್ನ ಅಂಗೈ ಉದ್ದದ ಬೆನ್ನು, ಮೂಗಿಗೆ ನಳಿಕೆ, ಚರ್ಮದ ಒಳಗಿನಿಂದ ಕಾಣುವ ನೀಲಿ ನರ. ಬಂಗಾರದ ಪುಟವನ್ನು ನೋಡಿದಂತೆಯೇ ಇವಳನ್ನೂ ನೋಡಿದೆ. ಇಷ್ಟು ಸಣ್ಣದರಲ್ಲಿ ಉಗುರು ಕೂಡ ಇತ್ತು. ಯಾರಿಗೆ ಇಷ್ಟು ತಾಳ್ಮೆ ಇತ್ತೋ ಎಂದು ಅನಿಸಿತು. ಈಗಲೇ ಏನೂ ಹೇಳಲು ಆಗುವುದಿಲ್ಲ ಎಂದು ಡಾಕ್ಟರ್ ಮೆಲ್ಲಗೆ ಹೇಳಿದರು, ದಿನ ದಿನ ನೋಡಬೇಕು ಎಂದರು.

ದಿನವೂ ಹೋಗಿ, ಮೊಳಕೈವರೆಗೆ ಕೈ ತೊಳೆದು, ಆ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂರುವುದು ನನ್ನ ಕೆಲಸವಾಯಿತು. ನರ್ಸ್‌ಗಳು ಒಳಗೆ ಏನಾದರೂ ಮಾಡುವಾಗ ನಮ್ಮನ್ನು ಹೊರಗೆ ಕಳಿಸುತ್ತಿದ್ದರು. ಆಗ ಕಾರಿಡಾರಿನಲ್ಲಿ ಕೂತು ಆ ರಾಜನ ಪುಸ್ತಕ ತೆರೆಯುತ್ತಿದ್ದೆ. ಮನಸ್ಸು ಬೇರೆ ಕಡೆ ಹೋಗಲಿ ಎಂದು ತಂದ ಪುಸ್ತಕ, ಒಂದು ದಿನ ನೇರ ನನ್ನ ಎದೆಗೇ ಬಂದು ಗುದ್ದಿತು.

ರಾಜನಾದ ಮೇಲೆ ಅವನಿಗೂ ಮಕ್ಕಳಾದವು. ಕತ್ತೆಯ ಹೆಸರಿನಲ್ಲಿ ಬದುಕಿ ಉಳಿದವನು ತನ್ನ ಗಂಡುಮಕ್ಕಳಿಗೆ ದೊಡ್ಡ ದೊಡ್ಡ ಸಂತರ ಹೆಸರಿಟ್ಟ. ಒಂದಕ್ಕಿಂತ ಒಂದು ಹೊಳೆಯುವ ಹೆಸರು. ಒಬ್ಬೊಬ್ಬರಾಗಿ ಆ ಮಕ್ಕಳು ತೀರಿಕೊಂಡರು. ಕೊನೆಗೆ ಸಿಂಹಾಸನಕ್ಕೆ ಉಳಿದವನು ಒಬ್ಬ ಮಗ. ತಂದೆಯೂ ನಲವತ್ತು ಮುಟ್ಟಲಿಲ್ಲ. ಪುಸ್ತಕದಲ್ಲಿ ಇದೆಲ್ಲ ಬರೀ ನಾಲ್ಕು ಸಾಲು. ಬರೆದವರಿಗೆ ಅದು ವಂಶಾವಳಿ, ನನಗೆ ಹಾಗೆ ಓದಲು ಆಗಲಿಲ್ಲ. ಯಾಕಪ್ಪಾ, ನಿನ್ನ ಅವ್ವ ಮಾಡಿದ್ದನ್ನು ಮರೆತೆಯಾ, ಒಬ್ಬನನ್ನಾದರೂ ಕತ್ತೆ ಎಂದು ಕರೆಯಬಾರದಿತ್ತೇ ಎಂದು ಏಳುನೂರು ವರ್ಷದ ಹಿಂದಿನ ರಾಜನನ್ನು ಕಾರಿಡಾರಿನಲ್ಲಿ ಕೂತು ಬೈದೆ. ನನ್ನ ನಕ್ಷತ್ರದ ಹೆಸರು ನೆನಪಾಯಿತು. ಎರಡು ಸಲ ಅದನ್ನು ಇಟ್ಟುಕೊಂಡು ಕಾದಿದ್ದೆ, ಎರಡು ಸಲವೂ ಬರಿಗೈ. ನಾನು ಓದಿದವಳು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅವ್ವನಿಗೆ ಫೋನ್ ಮಾಡಿದೆ.

“ಯವ್ವಾ, ತಿಪ್ಪಿ ಮ್ಯಾಲೆ ಮಲಗಸಬೇಕಂದ್ರ ಏನೇನು ಮಾಡಬೇಕು?”

ಅವ್ವ ಕೂಸು ಹುಟ್ಟಿದ ದಿನದಿಂದ ಅದನ್ನೇ ಹೇಳಬೇಕೆಂದು ಬಾಯಿ ಕಟ್ಟಿಕೊಂಡಿದ್ದಳಂತೆ. ಕೂಸನ್ನು ಹೊರಗೆ ತರಲು ಆಗುವುದಿಲ್ಲ ಎಂದರೆ ತಿಪ್ಪೆಯ ಒಂದು ಚಿಟಿಕೆ ಮಣ್ಣನ್ನಾದರೂ ಅದಕ್ಕೆ ಮುಟ್ಟಿಸಿರಿ ಎಂದಳು.

ಗಂಡ ತಿಪ್ಪೆ ಹುಡುಕಲು ಹೊರಟರು. ಆದರೆ ದೋಹಾದಲ್ಲಿ ತಿಪ್ಪೆ ಎಲ್ಲಿದೆ? ಬಾಗಿಲ ಮುಂದೆ ಮುನ್ಸಿಪಾಲಿಟಿಯ ಮುಚ್ಚಳದ ಡಬ್ಬಿ, ದಿನವೂ ಬಂದು ಖಾಲಿ ಮಾಡುವ ಲಾರಿ. ಇಡೀ ಮುಐದರ್ ಸುತ್ತಿದರೂ ಕೊಳೆತು ಕಪ್ಪಾದ ಒಂದು ಬುಟ್ಟಿ ಕಸ ಸಿಗಲಿಲ್ಲ. ಕೊನೆಗೆ ಅವರು ಗಿಡ ಮಾರುವ ನರ್ಸರಿಗೆ ಹೋಗಿ, ಯಾವುದೋ ದೇಶದಿಂದ ಬಂದ ಗೊಬ್ಬರದ ಪ್ಲಾಸ್ಟಿಕ್ ಚೀಲವೊಂದನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದರು. ಚೀಲದ ಮೇಲೆ ಹೂವಿನ ಚಿತ್ರ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಡಿಕ್ಕಿ ತೆರೆದು ವಿಡಿಯೋ ಕಾಲಿನಲ್ಲಿ ಅವ್ವನಿಗೆ ತೋರಿಸಿದರು.

“ಇದನ್ನ ಮೂಸಿ ನೋಡ್ರಿ ಅಳಿಯಂದ್ರ,” ಎಂದಳು ಅವ್ವ.

ಅವರು ಒಂದು ಹಿಡಿ ತೆಗೆದು ಮೂಸಿದರು. “ಏನೂ ವಾಸನಿ ಇಲ್ರಿ.”

“ಮತ್ತ ಅದೆಂಥಾ ತಿಪ್ಪಿ? ಅಂಥಾದಕ್ಕ ಯಮ ಹೆದರತಾನೇನು? ವಾಪಸ್ ಕೊಟ್ಟು ಬರ್ರಿ.”

ನಾನು ಅತ್ತೆನೋ ನಕ್ಕೆನೋ ನನಗೇ ಗೊತ್ತಾಗಲಿಲ್ಲ. ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ, ಖಲಾಸ್ ಎಂದು ಕೈ ಆಡಿಸಿದನಂತೆ. ಚೀಲ ಡಿಕ್ಕಿಯಲ್ಲೇ ಉಳಿಯಿತು. ಎರಡು ದಿನದ ಬಿಸಿಲಿಗೆ ಕಾರಿನೊಳಗೆ ಹುಳಿ ಹುಳಿ ಗಬ್ಬು ತುಂಬಿಕೊಂಡಾಗ ಗಂಡನ ಮುಖ ಅರಳಿತು, “ಈಗ ನಿಮ್ಮವ್ವಗ ಫೋನ್ ಹಚ್ಚು, ಈಗ ಬಂತ ನೋಡು ವಾಸನಿ” ಎಂದರು. ಒಂದು ಚಿಟಿಕೆಯನ್ನು ಕಾಗದದಲ್ಲಿ ಕಟ್ಟಿ ಕಿಸೆಯಲ್ಲಿಟ್ಟುಕೊಂಡರು. ನನಗೆ ಗಾಬರಿಯಾಯಿತು. ಕೈ ತೊಳೆಯುವ ಬೇಸಿನ್ನಿನ ಮುಂದೆ ನಿಂತಾಗ ಸೋಪಿನ ನೊರೆಯೊಳಗಿನ ನನ್ನ ಬೆರಳನ್ನು ನೋಡಿದೆ. ಒಳಗಿರುವ ಜೀವಕ್ಕೆ ಒಂದು ಕಣ ಕೊಳೆ ಮುಟ್ಟಿದರೂ ಸಾಕು. ಯಾವುದು ಅವಳನ್ನು ಉಳಿಸಬೇಕೆಂದು ನಮ್ಮವರು ನಂಬಿದ್ದರೋ ಅದೇ ಅವಳನ್ನು ಕೊಲ್ಲಬಹುದು. “ಒಗೀರಿ ಅದನ್ನ,” ಎಂದೆ. ಅವರು ಅದನ್ನು ಕಸದ ಡಬ್ಬಿಗೆ ಹಾಕಿ, ಮತ್ತೆ ಮತ್ತೆ ಕೈ ತೊಳೆದರು. ಅವರ ಕಣ್ಣಲ್ಲಿ ನೀರಿತ್ತು. ನಮ್ಮ ಕೈಯಲ್ಲಿದ್ದ ಒಂದೇ ಉಪಾಯವೂ ಹೋಯಿತು.

ಅವತ್ತು ಡ್ಯೂಟಿಯಲ್ಲಿದ್ದ ನರ್ಸ್ ಕೊಟ್ಟಾಯಂ ಕಡೆಯವಳು. ನನ್ನ ಮುಖ ನೋಡಿ, ಊರಲ್ಲಿರುವ ಅಮ್ಮನಿಗೆ ಮಗುವನ್ನು ತೋರಿಸು, ಐದು ನಿಮಿಷ ಮಾತ್ರ ಎಂದಳು. ವಿಡಿಯೋದಲ್ಲಿ ಅವ್ವ ಮೊಮ್ಮಗಳನ್ನು ಮೊದಲ ಸಲ ನೋಡಿದಳು. ಫೋನನ್ನು ಕಣ್ಣ ಹತ್ತಿರ ತಂದುಕೊಂಡಳು. ಆಮೇಲೆ, “ಕಾಲಾಗ ಏನದು, ಕಟ್ಟಿದ್ದು?” ಎಂದಳು.

“ಗುರುತಿನ ಪಟ್ಟಿ ಯವ್ವಾ. ಕೂಸು ಅದಲು ಬದಲು ಆಗಬಾರದಂತ ಹುಟ್ಟಿದ ಕೂಡಲೇ ಹಾಕತಾರ.”

“ಏನ್ ಬರದಾರ ಅದರಾಗ? ಕೂಸಿಗೆ ಹೆಸರ ಇಟ್ಟಿಲ್ಲಲ್ಲ ಇನ್ನ?”

“ನನ್ನ ಹೆಸರೈತಿ. ಇಂಥಾಕಿ ಕೂಸು ಅಂತ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹಂಗಾರ ತಿಪ್ಪಿ ಹುಡುಕೂದ ಬಿಡ್ರಿ,” ಎಂದಳು. “ಹುಟ್ಟಿದ ಗಳಿಗ್ಯಾಗನ ಅವರು ಕಾಲಿಗೆ ಕಟ್ಟ್ಯಾರ. ನಾ ಇಟ್ಟ ಹೆಸರು ಇನ್ನೂ ದುಡ್ಯಾಕತ್ತೈತಿ.”

ನಾನು ಬಗ್ಗಿ ಆ ಪಟ್ಟಿಯನ್ನು ನೋಡಿದೆ. ದಿನವೂ ಕಣ್ಣಿಗೆ ಬಿದ್ದದ್ದೇ. ಕಡ್ಡಿಯಂಥ ಕಾಲಿಗೆ ಸಡಿಲವಾಗಿ ಸುತ್ತಿಕೊಂಡಿದ್ದ ಪ್ಲಾಸ್ಟಿಕ್ಕಿನ ಮೇಲೆ ಇಂಗ್ಲಿಷಿನಲ್ಲಿ ನನ್ನ ಹೆಸರಿತ್ತು. ಹೆಲ್ತ್ ಕಾರ್ಡಿನ ಕೌಂಟರಿನಲ್ಲಿ ಯಾರ ಬಾಯಿಗೂ ಹತ್ತದ ಹೆಸರು, ನಾನು ಸಂಪತ್ತು ಎಂದು ಸುಳ್ಳು ಹೇಳಿದ ಹೆಸರು, ಅಲ್ಲಿ ನನ್ನ ಮಗಳ ಕಾಲು ಹಿಡಿದುಕೊಂಡು ಕೂತಿತ್ತು.

“ಆ ಹೆಸರ ಇಡೂ ಮುಂದ ನನಗೇನ್ ಸಂತೋಷ ಆಗಿತ್ತಂತ ತಿಳದೀಯೇನು?” ಅವ್ವ ಮಾತು ಮುಂದುವರಿಸಿದಳು. “ಚಂದನ ಹೆಸರೊಂದು ನನ್ನ ಹತ್ರನೂ ಇತ್ತು. ನುಂಗಿಕೊಂಡೆ.”

“ಯಾವ ಹೆಸರವ್ವಾ?”

“ಈಗ ಹೇಳಂಗಿಲ್ಲ. ಮದಲ ಕೂಸು ಮನಿಗೆ ಬರಲಿ.”

ಕೂಸು ಮನೆಗೆ ಬಂತು. ಹೇಗೆ ಬಂತು ಎಂದು ಕೇಳಿದರೆ ಡಾಕ್ಟರರಿಂದ, ನರ್ಸ್‌ಗಳಿಂದ, ಔಷಧದಿಂದ, ಆ ಯಂತ್ರದಿಂದ ಎಂದೇ ನಾನು ಹೇಳುತ್ತೇನೆ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮನೆಗೆ ಕಳಿಸುವ ದಿನ ಆ ನರ್ಸ್ ಕತ್ತರಿ ಹಿಡಿದು ಪಟ್ಟಿ ಕತ್ತರಿಸಲು ಬಂದಾಗ, ಬೇಡ, ಹಾಗೇ ಇರಲಿ ಎಂದು ಕೈ ಅಡ್ಡ ಹಿಡಿದವಳೂ ನಾನೇ. ಕಾರಿನಲ್ಲಿ ಇನ್ನೂ ಗೊಬ್ಬರದ ವಾಸನೆ ಇತ್ತು. ಮಗಳು ಮೂಗು ಸುಕ್ಕು ಮಾಡಿ ಸೀನಿದಳು. ಅವಳು ಮಾಡಿದ ಮೊದಲ ದೊಡ್ಡ ಸದ್ದು ಅದು, ನಾವಿಬ್ಬರೂ ದೊಡ್ಡ ಸಾಹಸ ಕಂಡವರ ಹಾಗೆ ಮುಖ ಮುಖ ನೋಡಿಕೊಂಡೆವು.

ಪಟ್ಟಿ ಕಾಲಿಗೆ ಬಿಗಿಯಾಗುವಷ್ಟು ಅವಳು ತುಂಬಿಕೊಂಡ ಮೇಲೆ ಅದನ್ನು ಕತ್ತರಿಸಿ ತೆಗೆದು, ಹೆಸರಿಡುವ ಶಾಸ್ತ್ರ ಮಾಡಿದೆವು. ನಮ್ಮ ವಿಲ್ಲಾದ ಪಕ್ಕದ ಭಾಗದಲ್ಲಿದ್ದ ಮಂಗಳೂರಿನವರು ತಮ್ಮ ಮಗುವಿನ ತೊಟ್ಟಿಲು ಕೊಟ್ಟರು, ನಾನು ಗುಗ್ಗರಿ ಮಾಡಿದ್ದೆ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ನನ್ನ ನಾದಿನಿ ಊರಲ್ಲಿದ್ದಳು. ತನ್ನ ಹಕ್ಕನ್ನು ಅವ್ವನಿಗೆ ಬಿಟ್ಟುಕೊಡುತ್ತೇನೆ ಎಂದು ಅವಳೇ ಹೇಳಿದ್ದಳು. ನಾನು ನಕ್ಷತ್ರದ ಹೆಸರನ್ನು ಯಾರಿಗೂ ಹೇಳದೆ ಬಿಟ್ಟಿದ್ದೆ.

ಫೋನನ್ನು ತೊಟ್ಟಿಲಿಗೆ ಒರಗಿಸಿ, ಅವ್ವ ಕನ್ನಡಕ ಸರಿಮಾಡಿಕೊಳ್ಳುವುದನ್ನು ನೋಡುತ್ತ ನಿಂತೆ. ಆಗ ಆ ರಾಜಕುಮಾರನ ತಾಯಿ ನೆನಪಾದಳು. ಮರುಭೂಮಿಯಲ್ಲಿ ಹೆತ್ತವಳು. ಮಗನ ಮಂಗಳದ ಹೆಸರನ್ನು ಬಿಟ್ಟುಕೊಟ್ಟು ಕತ್ತೆ ಕಾಯುವವನೇ ಎಂದು ಕರೆದವಳು. ಅವನು ಸಿಂಹಾಸನದ ಮೇಲೆ ಕೂತು ಭಾಗ್ಯವಂತನೆಂಬ ಹೆಸರು ತೊಟ್ಟ ದಿನ ಅದನ್ನು ಕೇಳಲು ಅವಳು ಇದ್ದಳೇ? ನಾನು ತಂದ ಪುಸ್ತಕಗಳಲ್ಲಿ ಅದು ಸಿಗಲಿಲ್ಲ. ಇದ್ದಿರಲಿ ಎಂದು ಬೇಡಿಕೊಂಡೆ, ಏಳುನೂರು ವರ್ಷ ತಡವಾಗಿ.

ಅವ್ವ ಕುರ್ರ್ ಎಂದಳು. ಆಮೇಲೆ, ನಾನು ಹುಟ್ಟಿದಂದಿನಿಂದ ಮೂವತ್ತೆರಡು ವರ್ಷ ಬಾಯೊಳಗೆ ಬಚ್ಚಿಟ್ಟುಕೊಂಡಿದ್ದ ಆ ಹೆಸರನ್ನು ಹಿಡಿದು ಮೆಲ್ಲಗೆ ಕರೆದಳು. ಚಂದದ ಹೆಸರು. ಮಗಳು ನಿದ್ದೆಯಲ್ಲಿದ್ದಳು.

“ಓ,” ಎಂದು ನಾನು ಓಗೊಟ್ಟೆ.